ಮನೆಗೆಲಸದ ಹಾಳೆ: ತಾಯಂದಿರ ಸಭೆಯಲ್ಲಿ ನಾವು ಮಾಡುವ ರೀತಿ

ಯಾದಗಿರಿ ಕಡೆಯ ಹಳ್ಳಿಗಳಲ್ಲಿ ತಾಯಂದಿರ ಸಭೆಯನ್ನು ‘ಗಂಡು ಹೆಣ್ಣು ಸಮಾನ’ ಎಂಬ ಮಾತಿನಿಂದ ನಾವು ಶುರು ಮಾಡುವುದಿಲ್ಲ. ಎಲ್ಲರೂ ಹೂಂ ಅನ್ನುತ್ತಾರೆ, ಮನೆಗೆ ಹೋದರೆ ಮೊದಲಿನಂತೆಯೇ. ಅದಕ್ಕೇ ಒಂದು ಹಾಳೆ ಕೊಡುತ್ತೇವೆ. ಎಡಗಡೆ ಕೆಲಸಗಳು: ಕಸ ಹೊಡೆಯುವುದು, ಮುಸುರೆ ತಿಕ್ಕುವುದು, ನೀರು ತುಂಬುವುದು, ಕೂಸು ನೋಡಿಕೊಳ್ಳುವುದು, ಗಿರಣಿಗೆ ಹೋಗುವುದು, ಕಿರಾಣಿ ತರುವುದು. ಮೇಲ್ಗಡೆ ಮನೆಮಂದಿ. ಓದು ಬಾರದವರಿಗೆ ಕಸಬರಿಗೆ, ಕೊಡದ ಚಿತ್ರ ಸಾಕು. ಏಳು ದಿನ ಗೆರೆ ಎಳೆಯಬೇಕು. ಕೆಲಸ ಯಾರು ಮಾಡಿದರು ಅಂತಲ್ಲ, ಯಾರ ಹೆಸರು ಹಿಡಿದು ಕೂಗಿದಿರಿ ಅಂತ. ‘ಇದು ಯಾರ ಕೆಲಸ’ ಎಂಬುದನ್ನು ಮಗು ಆ ಕೂಗಿನಿಂದಲೇ ತಿಳಿಯುತ್ತದೆ.

ಗೆರೆ ಎಣಿಸಿದರೆ ಹುಡುಗನಿಗೂ ಕೆಲಸ ಇರುತ್ತದೆ, ಆದರೆ ಹೊರಗಿನದು. ಅದರ ಜೊತೆ ಕೈಗೆ ದುಡ್ಡು, ಚಿಲ್ಲರೆ ಲೆಕ್ಕ, ಊರಿನ ದಾರಿ, ನಾಲ್ಕು ಮಂದಿಯ ಪರಿಚಯ ಎಲ್ಲ ಬರುತ್ತದೆ. ಹುಡುಗಿಗೆ ಹೊಸ್ತಿಲೊಳಗಿನ ಮುಗಿಯದ ಕೆಲಸ. ಹಾಗಾಗಿ ಹುಡುಗ-ಹುಡುಗಿಯ ಕೆಲಸ ಅದಲುಬದಲು ಮಾಡಿಸುವಾಗ ಮೊದಲು ಗಿರಣಿಯದೇ: ಎಂಟು-ಹತ್ತು ವರ್ಷದ ಹುಡುಗಿ ಹೊರುವಷ್ಟೇ ಜೋಳ, ಕೈಯಲ್ಲಿ ದುಡ್ಡು, ಉಳಿದ ಚಿಲ್ಲರೆಯ ಲೆಕ್ಕ ಅವಳೇ ಒಪ್ಪಿಸಬೇಕು.

ಹುಡುಗನಿಗೆ ನಾಲ್ಕು ವರ್ಷದಿಂದಲೇ ತನ್ನ ತಾಟು ತಾನು ತೊಳೆಯುವುದು, ಹಾಸಿಗೆ ಮಡಚುವುದು. ಅಪ್ಪ ಅವನ ಕಣ್ಣೆದುರು ಅದೇ ಕೆಲಸ ಮಾಡದಿದ್ದರೆ ಇದು ನಿಲ್ಲುವುದಿಲ್ಲ. ಗಂಡಸರನ್ನು ಕೂಡಿಸಿದಾಗ 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಲೆಕ್ಕ ಹೇಳುತ್ತೇವೆ: ಮನೆಗೆಲಸ ಮಾಡುವ ಹೆಂಗಸರಿಗೆ ದಿನಕ್ಕೆ ಸರಾಸರಿ 299 ನಿಮಿಷ, ಮಾಡುವ ಗಂಡಸರಿಗೆ 97.

ಹೆಚ್ಚಾಗಿ ಕೆಡುವುದು ಹೊಗಳಿಕೆಯಲ್ಲಿ. ಹುಡುಗ ಒಂದು ಸಲ ಕಸ ಹೊಡೆದರೆ ‘ಅವ್ವಗ ಎಷ್ಟ್ ಆಸರಾಗ್ಯಾನ ನೋಡ್ರಿ ನನ್ ಮಗ’ ಅನ್ನುತ್ತಾರೆ. ದಿನಾ ಹೊಡೆಯುವ ಅಕ್ಕನಿಗೆ ಒಂದು ಮಾತಿಲ್ಲ. ಕಸ ಅಕ್ಕನ ಪಾಲಿನದು, ತಾನು ಮಾಡಿದ್ದು ಉಪಕಾರ ಎಂದು ಅವನಿಗೆ ಮನದಟ್ಟಾಗುತ್ತದೆ. ಹೊಗಳಿದರೆ ಇಬ್ಬರನ್ನೂ ಹೊಗಳಬೇಕು, ಇಲ್ಲವೆ ಸುಮ್ಮನಿರಬೇಕು.

ಐದಾರು ವರ್ಷದ ಮಗ ‘ಅದು ಹುಡ್ಗ್ಯಾರ ಕೆಲ್ಸ’ ಎಂದು ಹಟ ಹಿಡಿದರೆ ಗಾಬರಿ ಬೇಡ. ಮೂರರ ಹೊತ್ತಿಗೆ ತಾನು ಗಂಡೋ ಹೆಣ್ಣೋ ಎಂದು ಮಗು ಹೇಳಬಲ್ಲದು. ಐದಾರಕ್ಕೆ ‘ಇದು ಗಂಡಿನದು, ಇದು ಹೆಣ್ಣಿನದು’ ಎಂಬ ನಿಯಮಗಳನ್ನು ಬಲು ಬಿಗಿಯಾಗಿ ಹಿಡಿಯುತ್ತದೆ, ಆಮೇಲೆ ಸಡಿಲವಾಗುತ್ತದೆ. ವಾದ ಮಾಡದೆ ಕೆಲಸ ಮುಂದುವರಿಸಿ.

ತೊಗರಿ ರಾಶಿಯ ಕಾಲದಲ್ಲಿ ಹಾಳೆ ತಲೆಕೆಳಗಾಗುತ್ತದೆ. ದೊಡ್ಡವರೆಲ್ಲ ಹೊಲಕ್ಕೆ, ಹಿರಿಮಗಳು ಶಾಲೆ ಬಿಟ್ಟು ಕೂಸಿನ ಜೊತೆ. ಅದಕ್ಕೇ ಡಿಸೆಂಬರಿಗಿಂತ ಮುಂಚೆ ಕೂಸು ನೋಡುವ ಪಾಳಿ ಗೊತ್ತುಮಾಡಿಸುತ್ತೇವೆ. ಬೆಂಗಳೂರು, ಪುಣೆಗೆ ದುಡಿಯಲು ಹೋದವರ ಮನೆಯಲ್ಲಿ ಹಾಳೆ ಅಜ್ಜಿಯ ಕೈಗೇ ಕೊಡಬೇಕು, ಅಲ್ಲಿ ಕೂಗುವವಳು ಅವಳೇ.