ಬೆಂಗಳೂರಿನ ಆಟೋ, ಟ್ಯಾಕ್ಸಿ ಚಾಲಕರು ಆ್ಯಪ್ ಆರಿಸಿಕೊಳ್ಳುವ ಬಗೆ

ಸ್ವಂತ ಗಾಡಿ ಇಟ್ಟುಕೊಂಡು ಬೆಂಗಳೂರಿನಲ್ಲಿ ದುಡಿಯುವ ಚಾಲಕರ ಮುಂದೆ ಇಂದು ಓಲಾ, ಊಬರ್, ರ‍್ಯಾಪಿಡೋ, ನಮ್ಮ ಯಾತ್ರಿ ಎಂಬ ನಾಲ್ಕು ಆ್ಯಪ್‌ಗಳಾದರೂ ಇವೆ. ಯಾವುದು ಒಳ್ಳೆಯದು ಎಂದು ಸ್ಟ್ಯಾಂಡಿನಲ್ಲಿ ವಿಚಾರಿಸಿದರೆ, ಆ ವಾರ ಯಾವುದರಲ್ಲಿ ಹೆಚ್ಚು ಬಾಡಿಗೆ ಸಿಕ್ಕಿತೋ ಅದರ ಹೆಸರನ್ನೇ ಬಹುತೇಕರು ಹೇಳುತ್ತಾರೆ. ಪರದೆಯ ಮೇಲೆ ಕಾಣುವ ಮೊತ್ತವನ್ನಷ್ಟೇ ನೋಡಿ ತೀರ್ಮಾನಿಸುವುದು ಸರಿಯಲ್ಲ. ಖಾಲಿ ಓಡಿದ್ದನ್ನೂ ಸೇರಿಸಿ, ಗಾಡಿ ಓಡಿದ ಪ್ರತಿ ಕಿಲೋಮೀಟರಿಗೆ ಕೈಯಲ್ಲಿ ಎಷ್ಟು ಉಳಿಯಿತು ಎಂಬುದನ್ನು ನೋಡಬೇಕು.

ಮೊದಲು ಆ್ಯಪ್ ನಿಮ್ಮಿಂದ ಹಣ ಪಡೆಯುವ ರೀತಿಯನ್ನು ತಿಳಿದುಕೊಳ್ಳಿ. ಪ್ರತಿ ಬಾಡಿಗೆಯಿಂದಲೂ ಕಮಿಷನ್ ಮುರಿದುಕೊಳ್ಳುವುದು ಹಳೆಯ ಪದ್ಧತಿ. 2022ರ ನವೆಂಬರಿನಲ್ಲಿ ಆರಂಭವಾದ ನಮ್ಮ ಯಾತ್ರಿ ಕಮಿಷನ್ ಪಡೆಯದೆ, 2023ರಲ್ಲಿ ದಿನಕ್ಕೆ 25 ರೂಪಾಯಿ ಅಥವಾ ಬಾಡಿಗೆಯೊಂದಕ್ಕೆ 3.50 ರೂಪಾಯಿ ಎಂಬ ಶುಲ್ಕವನ್ನು ಗೊತ್ತುಮಾಡಿತು. ಬಳಿಕ ಉಳಿದ ಸಂಸ್ಥೆಗಳೂ ಅದೇ ದಾರಿ ಹಿಡಿದವು. ಊಬರ್ 2025ರ ಫೆಬ್ರವರಿಯಲ್ಲಿ ಆಟೋಗಳಿಗೆ ಕಮಿಷನ್ ಕೈಬಿಟ್ಟಿತು, ಓಲಾ ಅದೇ ವರ್ಷದ ಜೂನ್‌ನಲ್ಲಿ ದೇಶದಾದ್ಯಂತ ದಿನದ ಶುಲ್ಕದ ಪದ್ಧತಿಗೆ ಬಂದಿತು. ಶುಲ್ಕದ ಮೊತ್ತ ಆಗಾಗ ಬದಲಾಗುವುದರಿಂದ ನಿಮ್ಮ ಆ್ಯಪ್‌ನಲ್ಲಿ ಇಂದು ಕಾಣುವ ಅಂಕಿಯನ್ನೇ ಹಿಡಿದು ಲೆಕ್ಕ ಹಾಕಿ, ಆದರೆ ಲೆಕ್ಕದ ಕ್ರಮ ಒಂದೇ. ಮೇಲಿನ ದರದಲ್ಲಿ ಏಳು ಬಾಡಿಗೆಗೆ 24.50 ರೂಪಾಯಿ ಆಗುತ್ತದೆ; ಎಂಟನೆಯದು ಸಿಗುವ ಭರವಸೆಯಿದ್ದರೆ ದಿನದ ಶುಲ್ಕವೇ ಲಾಭ. ಆಟೋಗಳಿಗೆ ಸರ್ಕಾರ ನಿಗದಿಪಡಿಸಿದ, ಹೈಕೋರ್ಟ್ 2024ರ ಮೇ ತಿಂಗಳಲ್ಲಿ ಎತ್ತಿಹಿಡಿದ ಶೇ 5ರ ಸೇವಾ ಶುಲ್ಕದೊಂದಿಗೆ ಹೋಲಿಸಿದರೆ, ತೆರಿಗೆ ಬಿಟ್ಟು, 500 ರೂಪಾಯಿ ಕಲೆಕ್ಷನ್‌ಗೆ 25 ರೂಪಾಯಿ ಹೋಗುತ್ತದೆ. ಹಾಗಾಗಿ ಬೆಳಗಿನಿಂದ ರಾತ್ರಿಯವರೆಗೆ ಗಾಡಿ ಓಡಿಸುವವರಿಗೆ ದಿನದ ಶುಲ್ಕ ಹೊಂದುತ್ತದೆ. ಬೇರೆ ಕೆಲಸ ಮುಗಿಸಿ ಸಂಜೆ ಎರಡು ಮೂರು ತಾಸು ಮಾತ್ರ ಗಾಡಿ ತೆಗೆಯುವವರಿಗೆ ಬಾಡಿಗೆಯ ಲೆಕ್ಕದಲ್ಲಿ ಕೊಡುವುದೇ ಮೇಲು. ದಿನದ ಶುಲ್ಕ ಲಾಗಿನ್ ಆದ ಕೂಡಲೇ ಕಡಿತವಾಗುತ್ತದೆಯೋ ಮೊದಲ ಬಾಡಿಗೆ ಮುಗಿದ ಮೇಲೋ ಎಂಬುದನ್ನೂ ನೋಡಿಕೊಳ್ಳಿ, ಏಕೆಂದರೆ ಗಾಡಿ ಗ್ಯಾರೇಜಿನಲ್ಲಿರುವ ದಿನ ಅದು ಬರಿಯ ನಷ್ಟ.

ಶುಲ್ಕಕ್ಕಿಂತ ಹೆಚ್ಚು ಹಣ ತಿನ್ನುವುದು ಖಾಲಿ ಓಡಾಟ. 2025ರ ಆಗಸ್ಟ್ 1ರಿಂದ ಬೆಂಗಳೂರಿನ ಆಟೋ ಮೀಟರ್ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಅನಂತರ ಕಿಲೋಮೀಟರಿಗೆ 18 ರೂಪಾಯಿ ಇದೆ. ಒಂದು ಆ್ಯಪ್ ಐದು ಕಿಲೋಮೀಟರಿನ ಬಾಡಿಗೆ ಕೊಟ್ಟು, ಪಿಕಪ್‌ಗೆ ಮೂರು ಕಿಲೋಮೀಟರ್ ದೂರ ಬರಲು ಹೇಳುತ್ತದೆ ಎಂದುಕೊಳ್ಳಿ. ಮೀಟರ್ ದರದಲ್ಲಿ ಅದಕ್ಕೆ 90 ರೂಪಾಯಿ ಬರುತ್ತದೆ, ಆದರೆ ಗಾಡಿ ಓಡುವುದು ಎಂಟು ಕಿಲೋಮೀಟರ್, ಅಂದರೆ ಕಿಲೋಮೀಟರಿಗೆ 11.25 ರೂಪಾಯಿ. ಇನ್ನೊಂದು ಆ್ಯಪ್ ಅರ್ಧ ಕಿಲೋಮೀಟರ್ ದೂರದಲ್ಲೇ ನಾಲ್ಕು ಕಿಲೋಮೀಟರಿನ ಬಾಡಿಗೆ ಕೊಟ್ಟರೆ ಬರುವುದು 72 ರೂಪಾಯಿ, ಕಿಲೋಮೀಟರಿಗೆ 16 ರೂಪಾಯಿ ಬಿದ್ದಂತಾಯಿತು. ಸಮಯವೂ ಉಳಿಯುತ್ತದೆ. ನಿಮ್ಮ ಪ್ರದೇಶದಲ್ಲಿ ಹತ್ತಿರದ ಪಿಕಪ್ ಕೊಡುವ ಆ್ಯಪ್‌ಗೇ ನಾನು ಮೊದಲ ಸ್ಥಾನ ಕೊಡುತ್ತೇನೆ. ಯಾವ ಆ್ಯಪ್‌ನ ಗ್ರಾಹಕರು ಎಲ್ಲಿ ಹೆಚ್ಚಿದ್ದಾರೆ ಎಂಬುದು ಬಡಾವಣೆಯಿಂದ ಬಡಾವಣೆಗೆ ಬೇರೆಯಾಗುವುದರಿಂದ, ವೈಟ್‌ಫೀಲ್ಡ್‌ನ ಚಾಲಕರ ಮಾತನ್ನು ರಾಜಾಜಿನಗರದವರು ಹಾಗೆಯೇ ಒಪ್ಪಬೇಕಾಗಿಲ್ಲ.

ಟ್ಯಾಕ್ಸಿ ಓಡಿಸುವವರು ಏರ್‌ಪೋರ್ಟ್ ಬಾಡಿಗೆಯನ್ನು ಈ ಕಣ್ಣಿನಿಂದಲೇ ನೋಡಬೇಕು. ಹತ್ತು ಲಕ್ಷ ರೂಪಾಯಿವರೆಗಿನ ಬೆಲೆಯ ಕಾರಿಗೆ 2024ರ ಜನವರಿಯಲ್ಲಿ ಸರ್ಕಾರ ನಿಗದಿಪಡಿಸಿದ ದರ ಮೊದಲ ನಾಲ್ಕು ಕಿಲೋಮೀಟರಿಗೆ 100 ರೂಪಾಯಿ, ಬಳಿಕ ಕಿಲೋಮೀಟರಿಗೆ 24 ರೂಪಾಯಿ. ಮೆಜೆಸ್ಟಿಕ್ ಕಡೆಯಿಂದ ಸುಮಾರು 35 ಕಿಲೋಮೀಟರ್ ಹೋದರೆ 844 ರೂಪಾಯಿ ಆಗಬೇಕು. ಅಲ್ಲಿಂದ ಖಾಲಿ ಬಂದರೆ ಅದೇ ಹಣ 70 ಕಿಲೋಮೀಟರಿಗೆ ಹಂಚಿಹೋಗಿ ಕಿಲೋಮೀಟರಿಗೆ 12 ರೂಪಾಯಿಗೆ ಇಳಿಯುತ್ತದೆ. ಸರದಿಯಲ್ಲಿ ಗಂಟೆಗಟ್ಟಲೆ ಕಾದರೆ ಆ ಹೊತ್ತಿನ ಊರೊಳಗಿನ ದುಡಿಮೆ ಹೋಗುತ್ತದೆ. ಆದ್ದರಿಂದ ಏರ್‌ಪೋರ್ಟಿನಿಂದ ವಾಪಸ್ ಬಾಡಿಗೆ ಬೇಗ ಕೊಡುವ ಆ್ಯಪ್ ಯಾವುದು ಎಂಬುದನ್ನು ಪ್ರತ್ಯೇಕವಾಗಿ ಗಮನಿಸಿ.

ಇವೆಲ್ಲ ಬಾಯಿಲೆಕ್ಕದಲ್ಲಿ ನಿಲ್ಲುವುದಿಲ್ಲ, ಒಂದು ಪುಸ್ತಕ ಬೇಕು. ಬೆಳಗ್ಗೆ ಗಾಡಿ ತೆಗೆಯುವಾಗ ಮತ್ತು ರಾತ್ರಿ ನಿಲ್ಲಿಸುವಾಗ ಗಾಡಿ ಒಟ್ಟು ಓಡಿದ ದೂರ ತೋರಿಸುವ ಮೀಟರಿನ ಕಿಲೋಮೀಟರ್ ಬರೆದಿಡಿ. ಗ್ಯಾಸ್ ಅಥವಾ ಡೀಸೆಲ್ ಖರ್ಚು, ಆ್ಯಪ್ ಕಡಿತ, ಟೋಲ್ ಕಳೆದು ಉಳಿದ ಹಣವನ್ನು ಆ ಕಿಲೋಮೀಟರಿನಿಂದ ಭಾಗಿಸಿ. ಒಂದು ವಾರ ಒಂದು ಆ್ಯಪ್, ಮರುವಾರ ಇನ್ನೊಂದು, ಪ್ರದೇಶ ಮತ್ತು ಹೊತ್ತು ಮಾತ್ರ ಅವೇ ಇರಲಿ. ಹಬ್ಬ ಅಥವಾ ಜೋರು ಮಳೆಯ ವಾರದ ಲೆಕ್ಕವನ್ನು ಬಿಟ್ಟುಬಿಡಿ.

ಇಂತಿಷ್ಟು ಬಾಡಿಗೆಯ ಗುರಿ ಮುಟ್ಟಿದರೆ ಸಿಗುವ ಇನ್ಸೆಂಟಿವ್ ಆಸೆಗೆ ಆ್ಯಪ್ ಬದಲಿಸುವ ಮುನ್ನ, ಗುರಿ ಮುಟ್ಟಲು ಕೊನೆಯಲ್ಲಿ ಓಡಿಸಬೇಕಾದ ಆ ಎರಡು ಮೂರು ಬಾಡಿಗೆಗಳ ಇಂಧನ ಮತ್ತು ಸಮಯವನ್ನು ಕಳೆದು ನೋಡಿ. ಗ್ರಾಹಕರೇ ಕ್ಯಾನ್ಸಲ್ ಮಾಡಿದ್ದು ಗುರಿಗೆ ಸೇರುತ್ತದೆಯೇ ಎಂಬ ಷರತ್ತನ್ನೂ ಓದಿಕೊಳ್ಳಿ.

ಒಂದೇ ಆ್ಯಪ್‌ಗೆ ಅಂಟಿಕೊಳ್ಳುವುದು ಅಪಾಯ, ನಾಲ್ಕನ್ನೂ ತೆರೆದಿಟ್ಟು ಓಡಿಸುವುದು ಇನ್ನೂ ಅಪಾಯ. ಎರಡು ಸಾಕು, ಒಂದರಲ್ಲಿ ಬಾಡಿಗೆ ಒಪ್ಪಿದ ಕೂಡಲೇ ಇನ್ನೊಂದನ್ನು ಆಫ್ ಮಾಡಿ. ಎರಡರಲ್ಲೂ ಒಪ್ಪಿ ಒಂದನ್ನು ರದ್ದು ಮಾಡಿದರೆ ದಂಡವೂ ಬೀಳಬಹುದು, ಕಾಯುತ್ತಿರುವ ಪ್ರಯಾಣಿಕರಿಗೂ ಅನ್ಯಾಯವಾಗುತ್ತದೆ.

ಕೊನೆಯದಾಗಿ ಕಷ್ಟಕಾಲದಲ್ಲಿ ಆ್ಯಪ್ ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ಸೇರುವ ಮೊದಲೇ ತಿಳಿಯಬೇಕು. ದಿನದ ಶುಲ್ಕದ ಪದ್ಧತಿಯಲ್ಲಿ ಗ್ರಾಹಕರು ಹಣವನ್ನು ನೇರವಾಗಿ ನಿಮಗೇ ಕೊಡುವುದರಿಂದ ಸಂಜೆಯ ಹೊತ್ತಿಗೆ ಕೈಯಲ್ಲಿ ದುಡ್ಡಿರುತ್ತದೆ, ಆದರೆ ಯಾರಾದರೂ ಕೊಡದೆ ಹೋದರೆ ಆ್ಯಪ್ ಭರಿಸುತ್ತದೆಯೇ ಎಂದು ಕೇಳಿ. ಐಡಿ ಬ್ಲಾಕ್ ಆದಾಗ ಮಾತನಾಡಲು ಕಚೇರಿ ಇದೆಯೇ, ಬರಿಯ ಚಾಟ್ ಇದೆಯೇ ಎಂದು ವಿಚಾರಿಸಿ. ಚಾಲಕರನ್ನು ತೆಗೆದುಹಾಕುವ ಮುನ್ನ ಕಾರಣವನ್ನು ಬರಹದಲ್ಲಿ ತಿಳಿಸಿ 14 ದಿನಗಳ ಮುನ್ಸೂಚನೆ ಕೊಡಬೇಕೆಂದು 2025ರಲ್ಲಿ ರಾಜ್ಯ ತಂದ ಗಿಗ್ (ಆ್ಯಪ್ ಮೂಲಕ ದುಡಿಯುವ) ಕಾರ್ಮಿಕರ ಕಾಯ್ದೆ ಹೇಳುತ್ತದೆ. ಕೇಂದ್ರ ಸರ್ಕಾರದ 2025ರ ಜುಲೈ ಮಾರ್ಗಸೂಚಿಯಲ್ಲಿ ಚಾಲಕರಿಗೆ ಕನಿಷ್ಠ ಐದು ಲಕ್ಷ ರೂಪಾಯಿ ಆರೋಗ್ಯ ವಿಮೆ, ಹತ್ತು ಲಕ್ಷ ರೂಪಾಯಿ ಅವಧಿ ವಿಮೆ (ಟರ್ಮ್ ಇನ್ಶೂರೆನ್ಸ್) ಮಾಡಿಸಬೇಕೆಂದಿದ್ದರೂ ಅದನ್ನು ಜಾರಿಗೊಳಿಸುವುದು ರಾಜ್ಯಗಳ ಕೈಯಲ್ಲಿದೆ. ಹೀಗಾಗಿ ವಿಮೆ ಇದೆ ಎಂಬ ಬಾಯಿಮಾತನ್ನು ನಂಬದೆ, ನಿಮ್ಮ ಹೆಸರಿನ ಪಾಲಿಸಿ ಸಂಖ್ಯೆಯನ್ನು ಪಡೆದು ಅದರ ಒಂದು ಪ್ರತಿಯನ್ನು ಮನೆಯವರ ಬಳಿ ಇರಿಸಿ.