ರೊಟ್ಟಿ ಹಾಗೇ ಇದೆ, ಪಕ್ಕದ್ದು ಬದಲಾಯಿತು

ವಿರಾಜಪೇಟೆ ಹತ್ತಿರ ತೋಟದ ಮನೆ ನಮ್ಮದು. ಮಾವನಿಗೆ ಎಂಬತ್ತು ದಾಟಿದೆ, ಬಿಪಿ, ಶುಗರ್ ಎರಡೂ ಇವೆ. ಅತ್ತೆ ಗಟ್ಟಿಯಾಗಿದ್ದಾರೆ, ಆದರೆ ದವಡೆ ಹಲ್ಲು ಒಂದೂ ಉಳಿದಿಲ್ಲ. ಇಬ್ಬರಿಗೂ ಬೇರೆ ಬೇರೆ ಪಥ್ಯದಡುಗೆ ಮಾಡ್ತಾ ಕೂತರೆ ತೋಟದ ಕಡೆ ನೋಡೋರು ಯಾರು? ಎಲ್ಲರಿಗೂ ಒಂದೇ ಅಡುಗೆ, ಬಡಿಸುವಾಗ ಮಾತ್ರ ವ್ಯತ್ಯಾಸ ಅಂತ ಮೊದಲೇ ತೀರ್ಮಾನ ಮಾಡಿದ್ದೆ.

ಕೆಲವು ದಿನ ಅವರು ತಿಂದದ್ದನ್ನೆಲ್ಲ ಸುಮ್ನೆ ಕ್ಯಾಲೆಂಡರ್ ಹಿಂದೆ ಬರೆದಿಟ್ಟೆ. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಅನ್ನ, ರಾತ್ರಿ ಗಂಜಿ. ಮೂರು ಹೊತ್ತೂ ಅಕ್ಕಿ! ಮಾಂಸ ಭಾನುವಾರ ಮಾತ್ರ, ಅವತ್ತು ಒಂದೇ ಸಲಕ್ಕೆ ಜಾಸ್ತಿ. ವಯಸ್ಸಾದಂತೆ ಮೈಯಲ್ಲಿ ಮಾಂಸಖಂಡ ಕರಗುತ್ತೆ, ಪ್ರೋಟೀನ್ ದಿನಾ ಬೇಕು. ಕಿಡ್ನಿ ತೊಂದರೆ ಇಲ್ಲದ ಹಿರಿಯರಿಗೆ ಮೈತೂಕದ ಒಂದು ಕೆಜಿಗೆ ಸುಮಾರು 1 ಗ್ರಾಂ ಲೆಕ್ಕ. ಮಾವ 56 ಕೆಜಿ ಇದ್ದಾರೆ. ಒಂದು ಮೊಟ್ಟೆಯಲ್ಲಿ ಸಿಗೋದು ಬರೀ 6 ಗ್ರಾಂ ಆಸುಪಾಸು. ಹಾಗಾಗಿ ಮೂರು ಹೊತ್ತಿಗೂ ಹಂಚದೆ ದಾರಿಯಿಲ್ಲ.

ರೊಟ್ಟಿ ಬಿಡಿ ಅಂದರೆ ಮಾವ ಊಟವನ್ನೇ ಬಿಡ್ತಾರೆ. ಮೂರಿದ್ದದ್ದು ಎರಡಾಯಿತು, ಅಷ್ಟೇ. ಪಕ್ಕಕ್ಕೆ ಮೊಳಕೆ ಹೆಸರುಕಾಳಿನ ಪಲ್ಯ ಇಲ್ಲವೇ ಮೊಟ್ಟೆ. ಅತ್ತೆಯ ತಟ್ಟೆಗೆ ಅದೇ ಕಾಳನ್ನು ಇನ್ನೂ ಸ್ವಲ್ಪ ಬೇಯಿಸಿ, ಸೌಟಿನ ಹಿಂಭಾಗದಲ್ಲಿ ಮಸೆದು ಹಾಕ್ತೀನಿ. ರೊಟ್ಟಿ ಅಗಿಯಲಾಗದ ದಿನ ಅವರಿಗೆ ನೂಪುಟ್ಟು (ಅಕ್ಕಿ ಶಾವಿಗೆ) ಅಥವಾ ಕಡಂಬುಟ್ಟು (ಹಬೆಯಲ್ಲಿ ಬೇಯಿಸಿದ ಅಕ್ಕಿ ತರಿಯ ಉಂಡೆ). ಕೋಳಿ ಸಾರಿಗೆ ಹಿಂದಿನಂತೆ ದೊಡ್ಡ ತುಂಡು ಹಾಕಲ್ಲ, ಮೂಳೆ ಬಿಡುವಷ್ಟು ಬೇಯಿಸಿ ಬಿಡಿಸಿ ಕೊಡ್ತೀನಿ. ಎಳ್ಳಿನ ಪಜ್ಜಿ, ಅಂದರೆ ಚಟ್ನಿ, ವಾರಕ್ಕೆ ಎರಡು ಮೂರು ಸಲ ಇರುತ್ತೆ. ಸಂಜೆ ರಾಗಿ ಗಂಜಿ, ಮಜ್ಜಿಗೆ ಹಾಕಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಅದರ ಹತ್ತಿರಕ್ಕೂ ಇಲ್ಲ.

ಉಪ್ಪೇ ದೊಡ್ಡ ಜಗಳ. ದಿನಕ್ಕೆ 5 ಗ್ರಾಂ ಮೀರಬಾರದು, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ. ಒಣಮೀನು, ಉಪ್ಪಿನಕಾಯಿ ಇರುವ ಮನೆಯಲ್ಲಿ ಅದು ಬೆಳಗಿನ ಹೊತ್ತಿಗೇ ಮುಗಿಯುತ್ತೆ! ಇಲ್ಲಿ ನನ್ನ ಕೈ ಹಿಡಿದದ್ದು ಕಾಚಂಪುಳಿ. ಪನಪುಳಿ ಹಣ್ಣಿನ ರಸ ಕುದಿಸಿ ಕುದಿಸಿ ಕಪ್ಪಗೆ, ಗಟ್ಟಿಯಾಗಿ ಮಾಡಿದ ಹುಳಿ. ಉಪ್ಪನ್ನು ಅರ್ಧಕ್ಕೆ ಇಳಿಸಿ, ಒಲೆಯಿಂದ ಇಳಿಸುವ ಮುಂಚೆ ನಾಲ್ಕೈದು ಹನಿ ಹಾಕಿ, ಆಗಷ್ಟೇ ಕುಟ್ಟಿದ ಕರಿಮೆಣಸು ಉದುರಿಸಿದರೆ ಸಪ್ಪೆ ಅನ್ನಿಸಲ್ಲ. ಪಂದಿ ಕರಿಗೆ (ಹಂದಿ ಮಾಂಸದ ಅಡುಗೆಗೆ) ಮಾತ್ರ ಅಲ್ಲ, ಕುಂಬಳಕಾಯಿಗೂ ಬೇಳೆಗೂ ಹಾಕಬಹುದು. ಮಾವ ತಟ್ಟೆ ಪಕ್ಕ ಉಪ್ಪಿನ ಡಬ್ಬಿ ಕೇಳೋದು ನಿಂತಿದೆ. ಪಂದಿ ಕರಿಯನ್ನು ನಿಲ್ಲಿಸಿಲ್ಲ, ಅಪರೂಪಕ್ಕೆ ಮಾಡ್ತೀನಿ, ಮೇಲೆ ತೇಲುವ ಕೊಬ್ಬನ್ನು ತೆಗೆದೇ ಬಡಿಸೋದು.

ಬೆಲ್ಲದ ಕಾಫಿ ವಿಷಯದಲ್ಲಿ ನಾನು ಗೆದ್ದೆ ಅಂತ ಹೇಳಲಾರೆ. "ಬೆಲ್ಲ ತಾನೇ, ಸಕ್ಕರೆ ಅಲ್ವಲ್ಲಮ್ಮ" ಅಂತಾರೆ ಮಾವ. ರಕ್ತದಲ್ಲಿ ಸಕ್ಕರೆ ಏರಿಸೋದರಲ್ಲಿ ಬೆಲ್ಲವೂ ಹಿಂದೆ ಬಿದ್ದಿಲ್ಲ. ಕೊನೆಗೆ ರಾಜಿ: ಬೆಳಿಗ್ಗೆ ಒಂದು ಲೋಟ, ಅರ್ಧ ಬೆಲ್ಲ, ಅದೂ ತಿಂಡಿಯಾಗಿ ಒಂದು ಗಂಟೆ ಕಳೆದ ಮೇಲೆ. ಊಟದ ಜೊತೆಗೇ ಕಾಫಿ ಕುಡಿದರೆ ಸೊಪ್ಪು, ಕಾಳಿನ ಕಬ್ಬಿಣ ಮೈಗೆ ಸರಿಯಾಗಿ ಹಿಡಿಯಲ್ಲ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರಂದು, ಮದ್ದು ಸೊಪ್ಪಿನ ಪಾಯಸ ತಪ್ಪಿಸಲಾಗದು. ಅವತ್ತು ಚಿಕ್ಕ ಬಟ್ಟಲಲ್ಲಿ ಕೊಟ್ಟು, ಅನ್ನ ಕಡಿಮೆ ಮಾಡ್ತೀನಿ.

ಮಳೆಗಾಲದಲ್ಲಿ ನೀರು ಕುಡಿಸೋದು ಕಷ್ಟ. ವಯಸ್ಸಾದವರಿಗೆ ಬಾಯಾರಿಕೆ ಗೊತ್ತಾಗೋದೇ ಕಡಿಮೆ, ಮೇಲೆ ಜಡಿಮಳೆ, ಚಳಿ. ಫ್ಲಾಸ್ಕ್‌ನಲ್ಲಿ ಜೀರಿಗೆ ನೀರು ಇಟ್ಟು ರೇಡಿಯೋ ಪಕ್ಕ ಇಡ್ತೀನಿ, ಮಧ್ಯಾಹ್ನದೊಳಗೆ ಖಾಲಿ ಆಗಬೇಕು. ರಾತ್ರಿ ಊಟ ಏಳೂವರೆಗೆ. ಹಸಿವಿಲ್ಲ ಅಂದರೂ ಮಾವನಿಗೆ ಊಟ ಬಿಡಲು ಬಿಡಲ್ಲ, ಕೆಲವು ಶುಗರ್ ಮಾತ್ರೆ ನುಂಗಿ ಉಪವಾಸ ಮಲಗಿದರೆ ಸಕ್ಕರೆ ತೀರಾ ಇಳಿದುಬಿಡುತ್ತೆ.

ತೂಕ ನೋಡೋದು ಕಾಫಿ ಮೂಟೆ ತೂಗುವ ಮಾಪಕದಲ್ಲಿ. ತಿಂಗಳಿಗೊಮ್ಮೆ ಇಬ್ಬರನ್ನೂ ನಿಲ್ಲಿಸಿ ಬರೆದಿಡ್ತೀನಿ. ಡಯಟ್ ಏನೂ ಮಾಡದೆ ತೂಕ ಇಳೀತಾ ಹೋದರೆ ಊಟದ ಪಟ್ಟಿ ತಿದ್ದುತ್ತಾ ಕೂರಲ್ಲ, ನೇರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋದೇ.