ನೋಡಿಕೊಳ್ಳಲು ಬಿಟ್ಟ ನಾಯಿ ಕಚ್ಚಿದರೆ ಹೊಣೆ ಯಾರದು?

ಮನೆಮಂದಿಯೆಲ್ಲ ಮಂತ್ರಾಲಯಕ್ಕೋ ತಿರುಪತಿಗೋ ಹೊರಟರೆ ನಾಯಿಯ ಚಿಂತೆ ಶುರುವಾಗುತ್ತದೆ. ಪಕ್ಕದ ಮನೆ ಹುಡುಗನ ಕೈಗೆ ಗೇಟಿನ ಕೀಲಿ ಕೊಟ್ಟು "ಎರಡು ಹೊತ್ತು ಅನ್ನ ಹಾಕಪ್ಪ" ಎನ್ನುವವರಿದ್ದಾರೆ, ದಿನಕ್ಕಿಷ್ಟು ಎಂದು ದುಡ್ಡು ಕೊಟ್ಟು ಬಿಡುವವರೂ ಇದ್ದಾರೆ. ಆ ನಾಲ್ಕು ದಿನದಲ್ಲಿ ನಾಯಿ ಹಾಲಿನವನ ಕಾಲಿಗೆ ಬಾಯಿ ಹಾಕಿದರೆ, ನೋಡಿಕೊಂಡವರು "ನಾಯಿ ನಿಮ್ದು" ಅಂತಾರೆ, ಮಾಲೀಕರು "ಚೈನು ನಿನ್ನ ಕೈಯಾಗಿತ್ತು" ಅಂತಾರೆ. ಕಾನೂನಿನ ಮುಂದೆ ಎರಡಕ್ಕೂ ಬೆಲೆಯಿದೆ. ಅದು ಕೇಳುವುದು ಎರಡೇ ಸಂಗತಿ: ಕಚ್ಚಿದ ಹೊತ್ತಿನಲ್ಲಿ ನಾಯಿ ಯಾರ ಸುಪರ್ದಿಯಲ್ಲಿತ್ತು, ಅದರ ಗುಣ ಯಾರಿಗೆ ಎಷ್ಟು ಗೊತ್ತಿತ್ತು.

ಪೊಲೀಸ್ ಕೇಸಿನಿಂದ ಶುರು ಮಾಡೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ (ಹಳೆಯ ಐಪಿಸಿ 289) ಮಾಲೀಕನ ಹೆಸರೆತ್ತುವುದಿಲ್ಲ. ತನ್ನ ಸ್ವಾಧೀನದಲ್ಲಿರುವ ಪ್ರಾಣಿಯಿಂದ ಜನರ ಜೀವಕ್ಕೆ ಅಥವಾ ತೀವ್ರ ಗಾಯಕ್ಕೆ ಅಪಾಯ ಸಂಭವವಿದ್ದೂ, ಗೊತ್ತಿದ್ದೋ ನಿರ್ಲಕ್ಷ್ಯದಿಂದಲೋ ಎಚ್ಚರ ವಹಿಸದವರು ಯಾರೇ ಆದರೂ ಅಪರಾಧಿ. ಆರು ತಿಂಗಳವರೆಗೆ ಜೈಲು, ಐದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹಾಗಾಗಿ ಗೇಟು ತೆರೆದಿಟ್ಟು ನಾಯಿಯನ್ನು ಬೀದಿಗೆ ಬಿಟ್ಟ ಸಿಟ್ಟರ್ (ಮಾಲೀಕರಿಲ್ಲದಾಗ ನಾಯಿ ನೋಡಿಕೊಳ್ಳುವವರು) "ನಾಯಿ ನಂದಲ್ಲ" ಎಂದು ಪಾರಾಗುವಂತಿಲ್ಲ. ನಿರ್ಲಕ್ಷ್ಯದಿಂದ ಗಾಯವಾದರೆ 125ನೇ ಕಲಮೂ ಸೇರಬಹುದು. ಅದರಲ್ಲಿ ಸಾಧಾರಣ ಗಾಯಕ್ಕೆ ಆರು ತಿಂಗಳವರೆಗೆ, ತೀವ್ರ ಗಾಯಕ್ಕೆ ಮೂರು ವರ್ಷದವರೆಗೆ ಶಿಕ್ಷೆಯಿದೆ. ಮುಖ ಶಾಶ್ವತವಾಗಿ ವಿಕಾರವಾದರೆ, ಎಲುಬು ಮುರಿದರೆ, ಹದಿನೈದು ದಿನ ತೀವ್ರ ನೋವಿನಲ್ಲಿ ನರಳಿದರೆ ಅಥವಾ ಅಷ್ಟು ದಿನ ನಿತ್ಯದ ಕೆಲಸ ಮಾಡಲಾಗದಿದ್ದರೆ ಅದು ತೀವ್ರ ಗಾಯ.

ಪರಿಹಾರದ ಹಣದ ಲೆಕ್ಕ ಬೇರೆ. ಅದು ಸಿವಿಲ್ ದಾವೆ, ಅಲ್ಲಿ ಕಚ್ಚಿಸಿಕೊಂಡವರು ಮಾಲೀಕ ಮತ್ತು ಸಿಟ್ಟರ್ ಇಬ್ಬರನ್ನೂ ಪ್ರತಿವಾದಿ ಮಾಡಬಹುದು. ಇಬ್ಬರದೂ ತಪ್ಪಿದ್ದರೆ ಪೂರ್ತಿ ಮೊತ್ತವನ್ನು ಯಾರಿಂದಲಾದರೂ ವಸೂಲು ಮಾಡಬಹುದು, ಹಂಚಿಕೆ ಅವರವರ ನಡುವಿನ ಮಾತು. ಮನೆಯಲ್ಲಿ ಸಂಬಳಕ್ಕಿರುವ ಕೆಲಸದಾಳು ನಾಯಿ ಸುತ್ತಾಡಿಸುವಾಗ ಹೀಗಾದರೆ ಆಳಿನ ನಿರ್ಲಕ್ಷ್ಯಕ್ಕೆ ಧಣಿಯೂ ಹೊಣೆ. ದುಡ್ಡು ಪಡೆದು ನಾಯಿಗಳನ್ನು ಇಟ್ಟುಕೊಳ್ಳುವ ಸ್ವಂತ ಬೋರ್ಡಿಂಗ್ ನಡೆಸುವವರ ಕೈಯಲ್ಲಿ ಆದರೆ ಭಾರ ಹೆಚ್ಚಾಗಿ ಅವರ ಮೇಲೆಯೇ ಬೀಳುತ್ತದೆ. ಆದರೆ ನಾಯಿಯ ಕೆಟ್ಟ ಗುಣವನ್ನು ಮಾಲೀಕರು ಮುಚ್ಚಿಟ್ಟಿರಬಾರದು.

ಈ ಮುಚ್ಚಿಡುವಿಕೆಯೇ ಹೆಚ್ಚಿನ ಜಗಳದ ಮೂಲ. 1872ರ ಕರಾರು ಕಾಯ್ದೆಯ 150ನೇ ಕಲಂ ಪ್ರಕಾರ, ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಡುವವರು ತಮಗೆ ಗೊತ್ತಿರುವ ದೋಷವನ್ನು ಹೇಳಿಯೇ ಕೊಡಬೇಕು. ಕಾಯ್ದೆ ಕೊಡುವ ಉದಾಹರಣೆಯೂ ಪ್ರಾಣಿಯದೇ: ತುಂಟ ಕುದುರೆ ಎಂದು ಗೊತ್ತಿದ್ದೂ ಹೇಳದೆ ಒಬ್ಬ ಎರವಲು ಕೊಡುತ್ತಾನೆ, ಅದು ಓಡಿ ಪಡೆದವನನ್ನು ಕೆಡವುತ್ತದೆ, ಕೊಟ್ಟವನೇ ನಷ್ಟ ತುಂಬಬೇಕು. ಕುದುರೆಯ ಜಾಗದಲ್ಲಿ ನಿಮ್ಮ ನಾಯಿಯನ್ನು ಇಟ್ಟು ನೋಡಿ. ಹಿಂದೆ ಒಮ್ಮೆ ಕಚ್ಚಿದ್ದು ಗೊತ್ತಿದ್ದು ಹೇಳದೆ ಬಿಟ್ಟಿರಿ, ಅದು ಸಿಟ್ಟರನ್ನೇ ಕಚ್ಚಿತು ಎಂದರೆ ಅವರ ಆಸ್ಪತ್ರೆ ಖರ್ಚು ನಿಮ್ಮ ತಲೆಗೇ. ಹೇಳಿದ ಮೇಲೂ ಅವರು ಅನ್ನದ ತಟ್ಟೆಗೆ ಕೈ ಹಾಕಿ ಕಚ್ಚಿಸಿಕೊಂಡರೆ ವಾದ ತಿರುಗುತ್ತದೆ. ಇನ್ನು ವಶಕ್ಕೆ ಪಡೆದವರು, ಸಾಮಾನ್ಯ ವಿವೇಕವಿರುವವರು ತಮ್ಮ ಸ್ವಂತದ್ದನ್ನು ನೋಡಿಕೊಳ್ಳುವಷ್ಟು ಎಚ್ಚರದಿಂದ ನೋಡಿಕೊಳ್ಳಬೇಕು ಎಂಬುದು 151ನೇ ಕಲಂ.

ತಳಿ ನೋಡಿ ಧೈರ್ಯ ಅಥವಾ ಭಯ ಪಡುವುದು ಬೇಡ. 23 ತಳಿಗಳನ್ನು ನಿಷೇಧಿಸಲು ಕೇಂದ್ರ ಹೊರಡಿಸಿದ್ದ 2024ರ ಮಾರ್ಚ್‌ ಸುತ್ತೋಲೆಯನ್ನು ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಲೆಕ್ಕಕ್ಕೆ ಬರುವುದು ಈ ಒಂದು ನಾಯಿಯ ಚರಿತ್ರೆ.

ಬಿಡುವ ಮೊದಲು

ಬಾಯಿಮಾತು ಸಾಲದು. ಛಾಪಾ ಕಾಗದವೇ ಆಗಬೇಕೆಂದೂ ಇಲ್ಲ, ವಾಟ್ಸಾಪಿನಲ್ಲಿ ಒಂದು ಮೆಸೇಜ್ ಹಾಕಿ, ಆ ಕಡೆಯಿಂದ "ಓದಿದೆ, ಒಪ್ಪಿದೆ" ಎಂದು ಉತ್ತರ ತರಿಸಿಕೊಳ್ಳಿ. ಹೀಗಿದ್ದರೆ ಸಾಕು:

"ಅಣ್ಣ, ಶುಕ್ರವಾರ ಬೆಳಿಗ್ಗೆ 6ರಿಂದ ಸೋಮವಾರ ಸಂಜೆ 7ರ ತನಕ ರಾಜಾ ನಿಮ್ಮ ಸುಪರ್ದಿಯಲ್ಲಿ. ಹೋದ ವರ್ಷ ಒಬ್ಬ ಕೊರಿಯರ್ ಹುಡುಗನ ಪ್ಯಾಂಟು ಹಿಡಿದಿದ್ದ. ಹೆಲ್ಮೆಟ್ ಹಾಕಿದವರನ್ನು, ಓಡುವ ಮಕ್ಕಳನ್ನು ಕಂಡರೆ ಆಗಲ್ಲ. ಉಣ್ಣುವಾಗ ಮುಟ್ಟಬೇಡಿ. ಚೈನಿಲ್ಲದೆ ಗೇಟು ದಾಟಿಸಬೇಡಿ, ಮಕ್ಕಳ ಕೈಗೆ ಕೊಡಬೇಡಿ. ರೇಬಿಸ್ ಚುಚ್ಚುಮದ್ದಿನ ಕಾರ್ಡಿನ ಫೋಟೊ ಕಳಿಸಿದೀನಿ. ಏನಾದರೂ ಆದರೆ ಮೊದಲು ಆಸ್ಪತ್ರೆ, ಆಮೇಲೆ ನನಗೆ ಫೋನು, ಖರ್ಚು ನಾನು ಕೊಡ್ತೀನಿ."

ಬೆದೆಗೆ ಬಂದ ಅಥವಾ ಮರಿ ಹಾಕಿದ ಹೆಣ್ಣುನಾಯಿಯಾದರೆ ಅದನ್ನೂ ಬರೆಯಿರಿ. ಸಿಟ್ಟರ್ ಆದವರು ಇಂಥ ಮೆಸೇಜ್ ಬಾರದಿದ್ದರೆ ತಾವೇ ಕೇಳಬೇಕು, "ಇದು ಯಾರಿಗಾದರೂ ಬಾಯಿ ಹಾಕಿದ್ದುಂಟಾ?" ಎಂದು, ಅದೂ ಬರಹದಲ್ಲೇ. ವಾರ್ಷಿಕ ರೇಬಿಸ್ ಡೋಸ್ ತಪ್ಪಿದ ನಾಯಿಯನ್ನು ತೆಗೆದುಕೊಳ್ಳದಿರುವುದೇ ಮೇಲು.

ಸಾಮಾನು ಕೈಗೆತ್ತಿಕೊಂಡು ನೋಡಿ. ಬೆಲ್ಟಿನೊಳಗೆ ಎರಡು ಬೆರಳು ಹೋಗಬೇಕು. ನಾಲ್ಕು ಬೆರಳು ಹೋದರೆ ನಾಯಿ ಹಿಂದಕ್ಕೆ ಜಗ್ಗಿ ತಲೆ ಬಿಡಿಸಿಕೊಳ್ಳುತ್ತದೆ. ಬಿಸಿಲಿಗೆ ಪ್ಲಾಸ್ಟಿಕ್ ಬಕಲ್ ಪೆಡಸಾಗಿ ಒಮ್ಮೆಲೇ ಚಟ್ಟನೆ ಒಡೆಯುವುದುಂಟು. ಕಬ್ಬಿಣದ ಬಕಲ್, ಒಂದೂವರೆ ಮೀಟರ್ ಚೈನು ಸಾಕು. ಗೇಟಿನ ಅಗುಳಿಯನ್ನು ಮೂತಿಯಿಂದ ಎತ್ತಲು ಕಲಿತ ನಾಯಿಗಳಿವೆ, ಬೀಗ ಹಾಕಿ. ಬಾಯಿಬುಟ್ಟಿ ಹಾಕುವುದಾದರೆ ಜಾಳಿಗೆಯದು ಬೇಕು. ಬಾಯಿ ಬಿಗಿಯುವ ಬಟ್ಟೆಯದರಲ್ಲಿ ನಾಯಿಗೆ ಏದಲಾಗುವುದಿಲ್ಲ, ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ ಅದು ಜೀವಕ್ಕೇ ಕುತ್ತು. ಕಚ್ಚಬಹುದೆಂದು ದಿನವಿಡೀ ಗಿಡ್ಡ ಚೈನಿನಲ್ಲಿ ಕಟ್ಟಿಹಾಕುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ತಾನೇ ಒಂದು ಅಪರಾಧ, ನಾಯಿಯ ಸಿಟ್ಟೂ ಏರುತ್ತದೆ.

"ನಾಯಿ ಇದೆ ಎಚ್ಚರಿಕೆ" ಬೋರ್ಡನ್ನು ನೆಚ್ಚಬೇಡಿ. ಅದು ಎಚ್ಚರಿಕೆಗೆ ಸಾಕ್ಷಿಯಾದಷ್ಟೇ, ನಾಯಿ ಕಚ್ಚುತ್ತದೆಂದು ನಿಮಗೆ ಗೊತ್ತಿತ್ತು ಎಂಬುದಕ್ಕೂ ಸಾಕ್ಷಿ. ಹಾಗೆಯೇ ಬೋರ್ಡಿಂಗಿನವರ ಫಾರಂನಲ್ಲಿ "ನಾವು ಜವಾಬ್ದಾರರಲ್ಲ" ಎಂದಿದ್ದರೆ ಅದು ನಿಮ್ಮಿಬ್ಬರ ನಡುವಿನದು. ದಾರಿಹೋಕನಿಗೂ ಪೊಲೀಸರಿಗೂ ಅದು ಅನ್ವಯಿಸುವುದಿಲ್ಲ.

ಕಚ್ಚಿದ ಮೇಲೆ

ಯಾರ ತಪ್ಪು ಎಂಬ ಮಾತು ಆಮೇಲೆ. ನಾಯಿಯನ್ನು ಕೋಣೆಗೆ ಹಾಕಿ, ಗಾಯವನ್ನು ಹರಿಯುವ ನೀರಿನಡಿ ಸಾಬೂನು ಹಚ್ಚಿ ಗಡಿಯಾರ ನೋಡಿ ಹದಿನೈದು ನಿಮಿಷ ತೊಳೆಯಿರಿ. ಸುಣ್ಣ, ಖಾರದಪುಡಿ, ಅರಿಶಿನ ಮುಟ್ಟಿಸಬೇಡಿ. ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ರಾಯಚೂರಿನಲ್ಲಾದರೆ ರಿಮ್ಸ್ ಇದೆ. ಚರ್ಮ ಹರಿದು ರಕ್ತ ಬಂದಿದ್ದರೆ ರೇಬಿಸ್ ಅಪಾಯದ ಲೆಕ್ಕದಲ್ಲಿ ಅದು ಮೂರನೇ, ಅಂದರೆ ಅತಿ ಗಂಭೀರ ವರ್ಗದ ಗಾಯ, ಲಸಿಕೆಯ ಜೊತೆ ಗಾಯದ ಒಳಗೇ ಇಮ್ಯುನೊಗ್ಲಾಬ್ಯುಲಿನ್ (ವೈರಾಣುವನ್ನು ಕೂಡಲೇ ತಡೆಯುವ ಸಿದ್ಧ ಪ್ರತಿಕಾಯ) ಹಾಕಬೇಕು. ಚರ್ಮದೊಳಗೆ ಕೊಡುವ ಲಸಿಕೆ 0, 3, 7, 28ನೇ ದಿನ. ಸ್ನಾಯುವಿಗಾದರೆ 14ನೇ ದಿನವೂ ಸೇರಿ ಐದು. ನಾಯಿಗೆ ಚುಚ್ಚುಮದ್ದಾಗಿದೆ ಎಂದು ಮನುಷ್ಯರ ಲಸಿಕೆ ಬಿಡುವಂತಿಲ್ಲ.

ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿ ಇಡಬೇಕು. ಗಾಬರಿಯಾಗಿ ಊರಾಚೆ ಬಿಟ್ಟು ಬರುವುದು, ಹಳ್ಳಿಯ ಬಂಧುಗಳ ಮನೆಗೆ ಸಾಗಿಸುವುದು ಎಲ್ಲಕ್ಕಿಂತ ಕೆಟ್ಟ ಕೆಲಸ: ರೋಗಿಯ ಚಿಕಿತ್ಸೆಗೆ ಬೇಕಾದ ಸುಳಿವು ಕಳೆದುಹೋಗುತ್ತದೆ, ಕೋರ್ಟಿನಲ್ಲಿ ಬಚ್ಚಿಟ್ಟಂತೆಯೂ ಕಾಣುತ್ತದೆ.

ಕಚ್ಚಿಸಿಕೊಂಡವರು ಓಪಿಡಿ ಚೀಟಿಯಲ್ಲಿ ಬರೀ "ನಾಯಿ ಕಡಿತ" ಎಂದು ಬರೆಸಿಕೊಂಡು ಬಂದರೆ ಮುಂದೆ "ಬೀದಿನಾಯಿ ಇರಬೇಕು" ಎಂಬ ವಾದ ಏಳುತ್ತದೆ. ಸಾಕುನಾಯಿ, ಯಾರ ಮನೆಯದು, ಎಷ್ಟು ಹೊತ್ತಿಗೆ ಎಂಬುದನ್ನು ಬರೆಸಿ. ಗಾಯದ ಫೋಟೊ, ಬಿಲ್ಲುಗಳು, ಪ್ರತಿ ಡೋಸಿಗೆ ಹೋಗಿಬಂದ ಬಸ್ ಟಿಕೆಟ್, ತಪ್ಪಿದ ಕೂಲಿಯ ದಿನಗಳು, ಇವೇ ಪರಿಹಾರದ ಲೆಕ್ಕ. ಸಿಸಿ ಕ್ಯಾಮೆರಾದ ದೃಶ್ಯ ಅಳಿಸಿಹೋಗುವ ಮುಂಚೆ ತೆಗೆದಿಡಿ, ಚಾಟ್ ಇರುವ ಫೋನನ್ನು ರೀಸೆಟ್ ಮಾಡಬೇಡಿ.

ಮನೆಮಟ್ಟದಲ್ಲೇ ಮುಗಿಸುವುದಾದರೆ ಹಣ ಕೊಟ್ಟದ್ದಕ್ಕೆ ತಾರೀಖು ಹಾಕಿ ರಸೀದಿ ಬರೆಸಿಕೊಳ್ಳಿ, ಉಳಿದ ಡೋಸುಗಳ ಖರ್ಚು ಯಾರದೆಂದೂ ಅದರಲ್ಲಿರಲಿ. ಎಫ್‌ಐಆರ್ ಆದ ಮೇಲೆ ಬರೀ ರಾಜಿಪತ್ರದಿಂದ ಕೇಸು ಮುಚ್ಚುವುದಿಲ್ಲ. ರದ್ದು ಕೋರಿ ಹೈಕೋರ್ಟಿಗೆ ಹೋಗುವುದಾದರೆ ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ ಪೀಠ. ದುಡ್ಡು ಕೊಟ್ಟು ಬಿಟ್ಟ ಬೋರ್ಡಿಂಗಿನವರ ಸೇವಾಲೋಪದ ಮೇಲೆ ಮಾಲೀಕರು ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ಕಚ್ಚಿಸಿಕೊಂಡ ದಾರಿಹೋಕ ಗ್ರಾಹಕನಲ್ಲದ ಕಾರಣ ಆತನಿಗೆ ಆ ಬಾಗಿಲಿಲ್ಲ, ಸಿವಿಲ್ ಕೋರ್ಟೇ ಗತಿ. ವಕೀಲರ ಫೀಸಿಗೆ ಅನುಕೂಲ ಇಲ್ಲದವರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಹಾಕಲಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ವಕೀಲರು ಉಚಿತ.